ಚೀನೀ ನೆಟ್ ಸ್ಲ್ಯಾಂಗ್ ಇಂಗ್ಲಿಷಿಗೆ: ಅನುಭವ ಇದ್ದವರು ಹೇಳಿ

ಕಾಫಿಪುಡಿ: ಚೀನೀ ವೆಬ್ ಕಾದಂಬರಿಯೊಂದನ್ನ ಇಂಗ್ಲಿಷಿಗೆ ಅನುವಾದ ಮಾಡ್ತಿದೀನಿ. ಶಾಂಘೈನ ಐಟಿ ಕಂಪನಿ, ಕಾಲ 2021. ಅರ್ಧಕ್ಕರ್ಧ ವೀಚಾಟ್ (ಅಲ್ಲಿನ ಚಾಟ್ ಆ್ಯಪ್) ಗ್ರೂಪಿನ ಮಾತು: ನೆಯ್‌ಜುವೆನ್ (ಫಲವಿಲ್ಲದ ಪೈಪೋಟಿ), ತಾಂಗ್‌ಪಿಂಗ್ (ಪೈಪೋಟಿ ಬಿಟ್ಟು ಸುಮ್ಮನೆ ಮಲಗೋದು), ಪೋಫಾಂಗ್ (ಮನಸ್ಸಿನ ಕಟ್ಟೆ ಒಡೆಯೋದು), 996 (ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಮೆ). ಅಡಿಟಿಪ್ಪಣಿ ಹಾಕುವಂತಿಲ್ಲ ಅಂತ ಷರತ್ತು. ಹೇಗೆ ನಿಭಾಯಿಸ್ತೀರಿ?

ಹಳೇಕೀಬೋರ್ಡ್: ಅಡಿಟಿಪ್ಪಣಿ ಬೇಡ ಅನ್ನೋರ ಕೆಲಸ ಒಪ್ಪಿಕೊಳ್ಳಲೇಬಾರದು. ನೆಯ್‌ಜುವೆನ್‌ಗೆ 'ಇನ್‌ವಲ್ಯೂಷನ್' (ಒಳಕ್ಕೇ ಸುತ್ತಿಕೊಳ್ಳೋದು) ಒಂದೇ ಸರಿ. ಮಾನವಶಾಸ್ತ್ರಜ್ಞ ಗೀರ್ಟ್ಸ್ 1963ರಲ್ಲಿ ಜಾವಾದ ಭತ್ತದ ಬೇಸಾಯಕ್ಕೆ ಬಳಸಿದ ಪದ ಅದು. 2020ರ ಹೊತ್ತಿಗೆ ಚೀನಾದ ವಿದ್ಯಾರ್ಥಿಗಳ ಬಾಯಲ್ಲಿತ್ತು. 'ರ‍್ಯಾಟ್ ರೇಸ್' ಅಂದರೆ ಯಾರೋ ಒಬ್ಬ ಗೆಲ್ತಾನೆ. ಇಲ್ಲಿ ಎಲ್ಲರ ದುಡಿಮೆ ಏರುತ್ತೆ, ಯಾರ ಪಾಲೂ ಏರಲ್ಲ.

ಸಬ್‌ಟೈಟಲ್_ಶೆಟ್ರು: ಭತ್ತ ಬಿಡಿ ಮಾರಾಯ್ರೆ. ಜನ ಅದನ್ನ ಕ್ರಿಯಾಪದ ಮಾಡಿಕೊಂಡಾಗಿದೆ. 'ಬ್ಯೆ ಜುವೆನ್ ಲ' (ಸಾಕು ನಿನ್ನ ಪೈಪೋಟಿ) ಅಂತ ಮೂರೇ ಚೀನೀ ಅಕ್ಷರದಲ್ಲಿ ರೇಗಿಸಿದ್ದಕ್ಕೆ 'ಡೋಂಟ್ ಇನ್‌ವಲ್ಯೂಟ್' ಅಂತೀರಾ? ಸಬ್‌ಟೈಟಲ್ ಮಾಡೋ ನಮಗೆ ಸಾಲಿಗೆ 42 ಅಕ್ಷರ, ಎರಡೇ ಸಾಲು. 'ಯೂ ಆರ್ ಮೇಕಿಂಗ್ ಅಸ್ ಲುಕ್ ಬ್ಯಾಡ್' ಅಂತ ಹಾಕಿ, ಚುಚ್ಚೋದು ಅಲ್ಲೇ ಬರುತ್ತೆ. 'ಜುವೆನ್ ವಾಂಗ್' (ಪೈಪೋಟಿಯ ರಾಜ) ಅಂದರೆ 'ಟ್ರೈಹಾರ್ಡ್'. ಮುಗೀತು.

ಹಳೇಕೀಬೋರ್ಡ್: ಮುಗಿದಿದ್ದು ಅನುವಾದ. ಮುಂದಿನ ಅಧ್ಯಾಯದಲ್ಲಿ ಯಾರಾದರೂ ಆ ಪದದ ಬಗ್ಗೆಯೇ ಚರ್ಚೆಗೆ ಕೂತರೆ ಏನ್ ಮಾಡ್ತೀರಿ?

ಮಳೆಹುಳು: ಪೋಫಾಂಗ್‌ನಲ್ಲಿ ಎಡವೋರೇ ಜಾಸ್ತಿ. ಗೇಮಿನಲ್ಲಿ ಎದುರಾಳಿಯ ರಕ್ಷಣೆ ಒಡೆಯೋದು ಮೂಲ. 2021ರಲ್ಲಿ ಚೀನಾದ ವಿಡಿಯೋ ತಾಣ ಬಿಲಿಬಿಲಿಯ ವರ್ಷದ ಕಾಮೆಂಟೇ ಅದಾಯ್ತು. ಯಾರ ಬಗ್ಗೆ ಹೇಳಿದ್ದು ಅಂತ ಮೊದಲು ನೋಡಿ. ತನ್ನ ಬಗ್ಗೆ ಆದರೆ ಸಾಮಾನ್ಯವಾಗಿ ಕಣ್ಣು ತುಂಬಿ ಬಂತು ಅಂತ. 'ಅವನಿಗೆ ಪೋಫಾಂಗ್ ಆಯ್ತು' ಅಂದರೆ ಲೇವಡಿ, 'ಹಿ ಈಸ್ ಟ್ರಿಗರ್ಡ್'. ಎರಡಕ್ಕೂ ಒಂದೇ ಇಂಗ್ಲಿಷ್ ಹಾಕಿದರೆ ಜಗಳದ ದೃಶ್ಯ ಅಳುವ ದೃಶ್ಯ ಆಗುತ್ತೆ. 'ಚೀ ಗ್ವಾ'ಗೆ (ಕಲ್ಲಂಗಡಿ ತಿನ್ನೋದು, ಅಂದರೆ ಗಾಸಿಪ್ಪಿನ ಮಜಾ ನೋಡೋದು) ಪಾಪ್‌ಕಾರ್ನ್ ಹಾಕೋ ಮುಂಚೆ ಫೈಲ್ ಪೂರ್ತಿ ಹುಡುಕಿ. ಮುಂದೆಲ್ಲೋ 'ಈ ಕಲ್ಲಂಗಡಿ ಎಷ್ಟು ದೊಡ್ಡದು' ಅಂತ ಬರುತ್ತೆ, ಅಲ್ಲಿ ಕಲ್ಲಂಗಡಿಯೇ ಗಾಸಿಪ್ಪು. ಪಾಪ್‌ಕಾರ್ನ್ ದೊಡ್ಡದು ಅಂತ ಬರೆಯೋಕಾಗುತ್ತಾ?

ಸಬ್‌ಟೈಟಲ್_ಶೆಟ್ರು: ತಾಂಗ್‌ಪಿಂಗ್‌ಗೆ ತಲೆ ಕೆಡಿಸ್ಕೋಬೇಡಿ, 'ಲೆಟ್ ಇಟ್ ರಾಟ್'.

ಮಳೆಹುಳು: ಅದು ಬಾಯ್‌ಲಾನ್ ಸ್ವಾಮಿ! ಬೇಕಂತಲೇ ಸೋಲುವ ಬಾಸ್ಕೆಟ್‌ಬಾಲ್ ತಂಡಗಳಿಂದ ಬಂದ ಮಾತು. ತಾಂಗ್‌ಪಿಂಗ್‌ಗೆ 'ಲೈಯಿಂಗ್ ಫ್ಲಾಟ್' ಇಂಗ್ಲಿಷ್ ಪತ್ರಿಕೆಗಳಲ್ಲೇ ನಿಂತಿದೆ. ತಾಂಗ್‌ಪಿಂಗ್ ಅಂದರೆ ಬೇಕು-ಬೇಡ ಕಮ್ಮಿ ಮಾಡಿಕೊಳ್ಳೋದು, ಬಾಯ್‌ಲಾನ್ ಅಂದರೆ ಕೆಟ್ಟಿದ್ದು ಇನ್ನೂ ಕೆಡಲಿ ಅಂತ ಬಿಡೋದು. ಹೀಗೆ ಬೆರೆಸಿ ಬೆರೆಸಿಯೇ ಸಬ್‌ಟೈಟಲ್‌ಗಳ ಮಾನ ಹೋಗಿದೆ.

ಲೆಕ್ಕದಪುಸ್ತಕ: ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಮೂಲದ ಅಕ್ಷರಕ್ಕಿಷ್ಟು ಅಂತ ದರ ಒಪ್ಪಿದರೆ ಸ್ಲ್ಯಾಂಗ್ ಫೈಲ್‌ನಲ್ಲಿ ಮುಳುಗ್ತೀರಿ. ಎಂಎಸ್ ವರ್ಡ್ ಒಂದೊಂದು ಚೀನೀ ಅಕ್ಷರವನ್ನೂ ಒಂದೊಂದಾಗಿ ಎಣಿಸುತ್ತೆ. 'ಯೋಂಗ್‌ಯುವೆನ್ ದ ಶೆನ್' (ಎಂದೆಂದಿಗೂ ದೇವರು ಅನ್ನೋ ಹೊಗಳಿಕೆ) ನಾಲ್ಕು. ಅದನ್ನೇ ರೋಮನ್‌ನಲ್ಲಿ ವೈವೈಡಿಎಸ್ ಅಂತ ಬರೆದರೆ ಒಂದು. 'ಭಲೇ' ಅನ್ನೋಕೆ ಹಾಕೋ 666 ಕೂಡ ಒಂದು. ಮೇಲಿಂದ ಕ್ಯಾಟ್ ಟೂಲ್ (ಅನುವಾದಕರ ಸಾಫ್ಟ್‌ವೇರ್) ಮತ್ತೆ ಬಂದ ಪ್ರತಿ 666 ಅನ್ನೂ ಪುನರಾವರ್ತನೆ ಅಂತ ಗುರುತಿಸುತ್ತೆ, ಏಜೆನ್ಸಿ ಅದಕ್ಕೆ ಡಿಸ್ಕೌಂಟ್ ಕತ್ತರಿಸುತ್ತೆ. ಒಂದು ಕಡೆ 666 ಮೆಚ್ಚುಗೆ, ಇನ್ನೊಂದು ಕಡೆ ವ್ಯಂಗ್ಯ. ಟೂಲ್ ಎರಡು ಕಡೆಯೂ ಒಂದೇ ತುಂಬಿಸುತ್ತೆ. ಹೀಗೆ ತಾನೇ ತುಂಬಿಸೋ ಆಟೋ-ಪ್ರಾಪಗೇಟ್ ಆಫ್ ಮಾಡಿ, ದರ ಇಂಗ್ಲಿಷ್ ಪದಕ್ಕೆ ಕೇಳಿ, ಗ್ಲಾಸರಿಗೆ ಗಂಟೆ ಲೆಕ್ಕದಲ್ಲಿ ಬೇರೆ ಬಿಲ್ ಹಾಕಿ.

ಹಳೇಕೀಬೋರ್ಡ್: ಇಂಗ್ಲಿಷ್ ಪದಕ್ಕೆ ದರ ಕೊಟ್ಟರೆ ಎಳೆದೆಳೆದು ಬರೀತಾರೆ.

ಲೆಕ್ಕದಪುಸ್ತಕ: ಅಡಿಟಿಪ್ಪಣಿ ಬರೆಯೋರು ಹೇಳೋ ಮಾತಾ ಇದು?

ಕಾಫಿಪುಡಿ: 996 ಬಗ್ಗೆ ಯಾರಾದರೂ...

ಮಳೆಹುಳು: ಅಂಕಿ ಹಾಗೇ ಇರಲಿ. ಮೊದಲ ಸಲ ಬಂದಾಗ ಪಾತ್ರದ ಗೊಣಗಾಟದಲ್ಲೇ 'ನೈನ್ ಟು ನೈನ್, ಸಿಕ್ಸ್ ಡೇಸ್' ಸೇರಿಸಿ, ಟಿಪ್ಪಣಿ ಬೇಕಿಲ್ಲ. ದೃಶ್ಯದ ತಿಂಗಳು ನೋಡ್ಕೊಳ್ಳಿ: 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಪೀಪಲ್ಸ್ ಕೋರ್ಟ್ 996 ಕಾನೂನುಬಾಹಿರ ಅಂದಿತು. ಅದಾದ ಮೇಲೆ ಬಾಸ್ ಆ ಮಾತಾಡೋ ಧಾಟಿ ಬೇರೆ.

ಸಬ್‌ಟೈಟಲ್_ಶೆಟ್ರು: ಇಷ್ಟೆಲ್ಲ 42 ಅಕ್ಷರದಲ್ಲಿ ಎಲ್ಲಿ ಹಿಡಿಸುತ್ತೆ?

ಕಾಫಿಪುಡಿ: ನಂದು ಕಾದಂಬರಿ ಸರ್, ಸಬ್‌ಟೈಟಲ್ ಅಲ್ಲ.