ಎಪಾಕ್ಸಿ ನೆಲದ ಮೇಲೆ ಬಿಳಿ ಜಿಡ್ಡು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಚಿಕ್ಕಬಳ್ಳಾಪುರದಿಂದ:
ನಮ್ಮದು ದ್ರಾಕ್ಷಿ ಪ್ಯಾಕ್ ಮಾಡುವ ಶೆಡ್. ಮೊನ್ನೆ ಸಂಜೆ 5ಕ್ಕೆ ನೆಲಕ್ಕೆ ಎಪಾಕ್ಸಿ ಬಣ್ಣದ ಮೊದಲ ಕೋಟ್ ಹಾಕಿ ಮುಗಿಸಿದರು. ರಾತ್ರಿ ಒಳ್ಳೆ ಚಳಿ, ಬೆಳಿಗ್ಗೆ ಮಂಜು. ಬಾಗಿಲ ಕಡೆಯೆಲ್ಲ ಬೂದಿ ಬಳಿದ ಹಾಗೆ ಮಂಕಾಗಿದೆ. ಕೈಯಿಟ್ಟರೆ ಜಿಡ್ಡು. ಎರಡನೇ ಕೋಟ್ ಬಾಕಿ ಇದೆ. ಪೂರ್ತಿ ಕೀಳಿಸಬೇಕಾ?

ಕೋಲಾರದಿಂದ:
ಕೀಳಿಸಬೇಡಿ ಸರ್. ನಾನು ಇದೇ ಕೆಲಸದವನು, ಪ್ರತಿ ಚಳಿಗಾಲ ಇದನ್ನು ನೋಡುತ್ತೇನೆ. ಅಮೈನ್ ಬ್ಲಶ್ ಅಂತಾರೆ. ಎಪಾಕ್ಸಿ ಅಂದರೆ ಎರಡು ದ್ರವ ಬೆರೆಸಿ ಹಾಕುವುದು: ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ರೆಸಿನ್ ಜೊತೆ ಸೇರಬೇಕು. ಚಳಿಗೆ ಅದು ನಿಧಾನವಾಗುತ್ತದೆ. ಅಷ್ಟರಲ್ಲಿ ಮೇಲಿನ ಪದರದ ಅಮೈನ್ ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಜಿಡ್ಡಾಗುತ್ತದೆ.

ಆ ಜಿಡ್ಡು ನೀರಿಗೆ ಬಿಡುತ್ತದೆ. ನೆಲ ಗಟ್ಟಿಯಾಗಿದ್ದರೆ ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ಉಜ್ಜಿಸಿ, ಒಳ್ಳೆ ನೀರಲ್ಲಿ ತೊಳೆಸಿ, ಚೆನ್ನಾಗಿ ಒಣಗಿಸಿ. ಆಮೇಲೆ ಸ್ಯಾಂಡಿಂಗ್, ಅಂದರೆ ಮರಳು ಕಾಗದದಲ್ಲಿ ಉಜ್ಜಿಸುವುದು. ಮೊದಲೇ ಸ್ಯಾಂಡಿಂಗ್ ಮಾಡಿದರೆ ಜಿಡ್ಡನ್ನು ನೆಲಕ್ಕೆಲ್ಲ ತಿಕ್ಕಿದ ಹಾಗೆ. ಒಮ್ಮೆ ಮಾಲೂರಲ್ಲಿ ನಾನು ಅವಸರಕ್ಕೆ ತೊಳೆಸದೆ ಎರಡನೇ ಕೋಟ್ ಹಾಕಿದೆ. ತಿಂಗಳೊಳಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಪೂರ್ತಿ ನನ್ನ ಖರ್ಚಲ್ಲಿ ಮತ್ತೆ ಮಾಡಿಕೊಟ್ಟೆ.

ಇನ್ನು ಹೊತ್ತು. ಗಾಳಿಯ ತೇವ 85 ಪರ್ಸೆಂಟ್ ದಾಟಿದರೆ ನಾನು ಡಬ್ಬ ತೆರೆಯುವುದಿಲ್ಲ. ಅದಕ್ಕಿಂತ ಮುಖ್ಯ ನೆಲದ ಬಿಸಿ. ಎಷ್ಟು ಡಿಗ್ರಿಗೆ ತಣ್ಣಗಾದರೆ ಗಾಳಿಯ ತೇವ ನೀರಾಗಿ ಕೂರುತ್ತದೋ ಅದಕ್ಕೆ ಡ್ಯೂ ಪಾಯಿಂಟ್ ಅಂತಾರೆ. ನೆಲ ಅದಕ್ಕಿಂತ 3 ಡಿಗ್ರಿಯಾದರೂ ಜಾಸ್ತಿ ಇರಬೇಕು. ಗಾಳಿ 22 ಡಿಗ್ರಿ, ತೇವ 85 ಪರ್ಸೆಂಟ್ ಇದ್ದರೆ ಡ್ಯೂ ಪಾಯಿಂಟ್ ಸುಮಾರು 19.4. ನೆಲ 21 ಇದ್ದರೆ ಸಾಲದು. ಅದೇ ಗಾಳಿ 11 ಗಂಟೆಗೆ 28 ಡಿಗ್ರಿಗೆ ಏರಿದರೆ ತೇವ 60ಕ್ಕೆ ಇಳಿಯುತ್ತದೆ, ಡ್ಯೂ ಪಾಯಿಂಟ್ ಮಾತ್ರ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಆಗ ನೆಲ 25 ಮುಟ್ಟಿದ್ದರೆ ಧೈರ್ಯವಾಗಿ ಹಾಕಬಹುದು. ಸಂಜೆ ಹಾಕಿದರೆ ನೆಲ ತಣ್ಣಗಾಗುತ್ತಾ ಹೋಗುತ್ತದೆ, ಹಸಿ ಕೋಟ್ ಮೇಲೆ ಇಬ್ಬನಿ ಕೂರುತ್ತದೆ. ನಿಮಗೆ ಆಗಿದ್ದು ಇದೇ. 10ಕ್ಕೆ ಶುರು ಮಾಡಿಸಿ, ಮಧ್ಯಾಹ್ನ 1ಕ್ಕೆ ಮುಗಿಸಿಸಿ. ರಾತ್ರಿ ಬಾಗಿಲು ಹಾಕಿಸಿ.

ಶಿಡ್ಲಘಟ್ಟದಿಂದ:
ಅಣ್ಣ, ಬಿಸಿಗೆ ಅಂತ ರೇಷ್ಮೆ ಹುಳು ಸಾಕುವ ಮನೆಯ ಗ್ಯಾಸ್ ಹೀಟರ್ ತಂದಿಡಬೇಡಿ. ನಾವು ಇಟ್ಟು ಕೆಟ್ಟೆವು. ಗ್ಯಾಸಾಗಲಿ ಸೀಮೆಎಣ್ಣೆಯಾಗಲಿ, ಉರಿದರೆ ಬರುವುದು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್. ಜಿಡ್ಡು ಇನ್ನೂ ಜಾಸ್ತಿ ಆಯಿತು. ಕರೆಂಟ್ ಹೀಟರ್ ಆದರೆ ಪರವಾಗಿಲ್ಲ.

ತುಮಕೂರಿನಿಂದ:
ತೊಳೆಸಿದ ಮೇಲೂ ಎಲ್ಲಾದರೂ ಗುಳ್ಳೆ ಕಂಡರೆ ಕೆಳಗಿನ ತೇವ ನೋಡಿಸಿ. ನಮ್ಮ ಹುಣಸೆಹಣ್ಣಿನ ಗೋಡೌನ್‌ನಲ್ಲಿ ಗಾಳಿ ಒಣಗಿತ್ತು, ಕಾಂಕ್ರೀಟ್ ಹಸಿ ಇತ್ತು. ಬರಿ ಕಾಂಕ್ರೀಟ್ ಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಹಾಕಿ. ಮರುದಿನ, 16 ಗಂಟೆಯಾದರೂ ಕಳೆದ ಮೇಲೆ ಎತ್ತಿ ನೋಡಿ. ಅಡಿಯಲ್ಲಿ ಹನಿ ಕಂಡರೆ, ಇಲ್ಲ ಕಾಂಕ್ರೀಟ್ ಕಪ್ಪಾಗಿದ್ದರೆ ಕಾಯಬೇಕು. ಹೊಸ ಕಾಂಕ್ರೀಟ್‌ಗೆ 28 ದಿನ ಬಿಡಿ ಅನ್ನುತ್ತಾರೆ. ನಾವು ಬಿಟ್ಟಿದ್ದೆವು, ಆದರೂ ಮಳೆಗಾಲದಲ್ಲಿ ಅದು ಸಾಲಲಿಲ್ಲ.

ಚಿಕ್ಕಬಳ್ಳಾಪುರದಿಂದ:
ಒಂದು ಮೂಲೆ ಉಜ್ಜಿ ನೋಡಿದೆ. ನೀರು ಹಾಲಿನ ಹಾಗೆ ಬಂತು, ಕೆಳಗೆ ಬಣ್ಣ ಗಟ್ಟಿ ಇದೆ. ನಾಳೆ ಪೂರ್ತಿ ತೊಳೆಸುತ್ತೇನೆ.