ಎಕ್ಸ್‌ಎಂಎಲ್ ವಿನ್ಯಾಸ: ಯಾವುದು ಆಟ್ರಿಬ್ಯೂಟ್, ಯಾವುದು ಒಳ ಎಲಿಮೆಂಟ್?

ಪ್ರಶ್ನೆ:
ಪುಸ್ತಕಗಳ ವಿವರವನ್ನು ಎರಡು ತಂತ್ರಾಂಶಗಳ ನಡುವೆ ಸಾಗಿಸಲು ಎಕ್ಸ್‌ಎಂಎಲ್ (ದತ್ತಾಂಶವನ್ನು ಟ್ಯಾಗ್‌ಗಳಿಂದ ಗುರುತಿಸಿ ಬರೆಯುವ ಪಠ್ಯ ರೂಪ) ವಿನ್ಯಾಸವೊಂದನ್ನು ರೂಪಿಸುತ್ತಿದ್ದೇನೆ. ಗುರುತು ಸಂಖ್ಯೆ, ಭಾಷೆ, ಶೀರ್ಷಿಕೆ, ಲೇಖಕರು, ಪರಿಚಯ ಇವಿಷ್ಟೂ ಅದರಲ್ಲಿರಬೇಕು. ಎಲ್ಲವನ್ನೂ ಆಟ್ರಿಬ್ಯೂಟ್‌ಗಳಾಗಿ, ಅಂದರೆ ಆರಂಭದ ಟ್ಯಾಗಿನೊಳಗೇ ಹೆಸರು-ಮೌಲ್ಯದ ಜೋಡಿಗಳಾಗಿ ಬರೆದರೆ ಕಡತ ಚಿಕ್ಕದಾಗುತ್ತದೆ. ಆದರೆ ದತ್ತಾಂಶ ಎಲಿಮೆಂಟಿಗೆ (ಆರಂಭ ಮತ್ತು ಅಂತ್ಯದ ಟ್ಯಾಗ್‌ಗಳ ನಡುವೆ ಬರೆಯುವ ಭಾಗಕ್ಕೆ), ದತ್ತಾಂಶದ ಕುರಿತ ಮಾಹಿತಿ ಆಟ್ರಿಬ್ಯೂಟಿಗೆ ಎಂಬ ಸೂತ್ರವನ್ನು ಹಲವೆಡೆ ಓದಿದ್ದೇನೆ. ಭಾಷೆ ಯಾವ ಗುಂಪಿಗೆ ಸೇರುತ್ತದೆ ಎಂಬಲ್ಲಿಯೇ ಆ ಸೂತ್ರ ಕೈಕೊಡುತ್ತಿದೆ. ಹೇಗೆ ನಿರ್ಧರಿಸಬೇಕು?

ಉತ್ತರ 1:
1998ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಹೊರತಂದ ಎಕ್ಸ್‌ಎಂಎಲ್ 1.0 ನಿರ್ದಿಷ್ಟತೆ ಈ ಆಯ್ಕೆಯನ್ನು ವಿನ್ಯಾಸಕರಿಗೇ ಬಿಟ್ಟಿದೆಯಾದರೂ, ಆಟ್ರಿಬ್ಯೂಟಿಗೆ ಅದು ಹಾಕಿರುವ ಮಿತಿಗಳೇ ಬಹುಪಾಲು ಉತ್ತರವನ್ನು ಕೊಟ್ಟುಬಿಡುತ್ತವೆ. ಒಂದು ಎಲಿಮೆಂಟಿನಲ್ಲಿ ಒಂದೇ ಹೆಸರಿನ ಎರಡು ಆಟ್ರಿಬ್ಯೂಟ್‌ಗಳು ಇರುವಂತಿಲ್ಲ, ಅವುಗಳ ಕ್ರಮಕ್ಕೆ ಅರ್ಥವಿಲ್ಲ, ಮೌಲ್ಯದೊಳಗೆ ಮತ್ತೊಂದು ಎಲಿಮೆಂಟನ್ನು ಇಡಲಾಗದು. ಲೇಖಕರು ಇಬ್ಬರಾದಾಗ, ಅಥವಾ ಶೀರ್ಷಿಕೆಯಲ್ಲಿ ನೀರಿನ ರಾಸಾಯನಿಕ ಸೂತ್ರ ಬಂದು ಅದರ 2 ಎಂಬ ಅಂಕಿಯನ್ನು ತಗ್ಗಿಸಿ ಬರೆಯಬೇಕಾದಾಗ, ಆಟ್ರಿಬ್ಯೂಟ್ ಸಾಲದು. ಪರಿಚಯದ ವಿಷಯದಲ್ಲಂತೂ ಚರ್ಚೆಯೇ ಬೇಡ: ಆಟ್ರಿಬ್ಯೂಟಿನೊಳಗೆ ನೇರವಾಗಿ ಬರೆದ ಪ್ರತಿ ಸಾಲುಮುರಿತವನ್ನೂ ಪಾರ್ಸರ್ (ಕಡತವನ್ನು ಓದಿ ಬಿಡಿಸುವ ತಂತ್ರಾಂಶ) ನಿಯಮದಂತೆ ಖಾಲಿ ಜಾಗವಾಗಿಸುವುದರಿಂದ ಪ್ಯಾರಾಗಳೆಲ್ಲ ಒಂದರಲ್ಲೊಂದು ಬೆರೆತುಹೋಗುತ್ತವೆ. ಗಾತ್ರದ ಚಿಂತೆ ಬಿಡಿ. ಮತ್ತೆ ಮತ್ತೆ ಬರುವ ಟ್ಯಾಗ್‌ಗಳು ಕಡತದ ಗಾತ್ರ ಇಳಿಸುವ ಜಿಜಿಪ್‌ನಲ್ಲಿ ಚೆನ್ನಾಗಿ ಕುಗ್ಗುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಲೇಖಕರ ಹೆಸರುಗಳನ್ನು ಅರ್ಧವಿರಾಮದಿಂದ ಬೇರ್ಪಡಿಸಿ ಒಂದೇ ಆಟ್ರಿಬ್ಯೂಟಿನಲ್ಲಿ ಇಡಬಹುದಲ್ಲವೇ?

ಉತ್ತರ 2:
ದಯವಿಟ್ಟು ಹಾಗೆ ಮಾಡಬೇಡಿ. ಎಕ್ಸ್‌ಎಂಎಲ್ ಸ್ಕೀಮಾದ (ಕಡತದ ರಚನೆಯ ನಿಯಮಗಳನ್ನು ಬರೆಯುವ ಭಾಷೆಯ) ಪಟ್ಟಿಗಳು ಖಾಲಿ ಜಾಗವನ್ನು ಮಾತ್ರ ಬೇರ್ಪಡಿಕೆಯೆಂದು ಗುರುತಿಸುತ್ತವೆ, ಹೆಸರುಗಳ ಒಳಗೇ ಖಾಲಿ ಜಾಗವಿರುತ್ತದೆ. ಹಾಗಾಗಿ ಅರ್ಧವಿರಾಮದಲ್ಲಿ ಕತ್ತರಿಸುವ ಕೆಲಸ ನಿಮ್ಮ ಕಡತವನ್ನು ಓದುವ ಪ್ರತಿಯೊಂದು ತಂತ್ರಾಂಶದ ತಲೆಗೆ ಬೀಳುತ್ತದೆ. ಚಿತ್ರಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಎಸ್‌ವಿಜಿಯಲ್ಲಿ ಇಡೀ ರೇಖಾಪಥವನ್ನು ‘ಡಿ’ ಎಂಬ ಒಂದೇ ಆಟ್ರಿಬ್ಯೂಟಿನಲ್ಲಿ ತುಂಬಿರುವುದು ನಿಜ. ಅಲ್ಲಿ ಗಾತ್ರ ಉಳಿಸುವ ಬಲವಾದ ಕಾರಣವಿತ್ತು, ಆದರೂ ಅದನ್ನು ಬಿಡಿಸಲು ಪ್ರತ್ಯೇಕ ಪಾರ್ಸರ್ ಬರೆಯಲೇಬೇಕು.

ಹಾಗೆಂದು ಎಲ್ಲವನ್ನೂ ಎಲಿಮೆಂಟ್ ಮಾಡಬೇಕಿಲ್ಲ. ಗುರುತು ಸಂಖ್ಯೆ ಆಟ್ರಿಬ್ಯೂಟಿನಲ್ಲಿದ್ದರೆ ಕಡತವನ್ನು ಮೊದಲಿನಿಂದ ಸಾಲಾಗಿ ಓದುತ್ತ ಹೋಗುವ ಸ್ಯಾಕ್ಸ್ ಪಾರ್ಸರ್ ಎಲಿಮೆಂಟಿನ ಆರಂಭದಲ್ಲೇ ಅದನ್ನು ಒಪ್ಪಿಸುತ್ತದೆ; ಬೇಡದ ಪುಸ್ತಕದ ಉಳಿದ ವಿವರವನ್ನು ತಂತ್ರಾಂಶ ಕಡೆಗಣಿಸಬಹುದು.

ಇನ್ನು ಭಾಷೆ. ಇಲ್ಲಿ ಎರಡು ಸಂಗತಿಗಳು ಒಂದಾಗಿ ಕಾಣುತ್ತಿವೆ. ‘ಎಕ್ಸ್‌ಎಂಎಲ್:ಲ್ಯಾಂಗ್’ ಎಂಬ ಆಟ್ರಿಬ್ಯೂಟನ್ನು ನಿರ್ದಿಷ್ಟತೆಯೇ ಒದಗಿಸಿದೆ, ಆದರೆ ಅದು ಹೇಳುವುದು ಆ ಎಲಿಮೆಂಟಿನ ಪಠ್ಯ ಯಾವ ಭಾಷೆಯಲ್ಲಿದೆ ಎಂಬುದನ್ನು. ಇಂಗ್ಲಿಷ್ ಪುಸ್ತಕಕ್ಕೆ ಕನ್ನಡದಲ್ಲಿ ಪರಿಚಯ ಬರೆದಿದ್ದರೆ ಪರಿಚಯದ ಎಲಿಮೆಂಟಿಗೆ ಕನ್ನಡವೆಂದು ಆ ಆಟ್ರಿಬ್ಯೂಟ್ ಹಾಕಿ. ಪುಸ್ತಕದ ಭಾಷೆಗೆ ಪ್ರತ್ಯೇಕ ಎಲಿಮೆಂಟ್ ಇಡಿ, ಏಕೆಂದರೆ ದ್ವಿಭಾಷಾ ಪುಸ್ತಕ ಬಂದಾಗ ಅದು ಎರಡು ಸಲ ಬರಬೇಕಾಗುತ್ತದೆ.