ಅಪ್‌ಡೇಟ್: ಜಪಾನೀಸ್ ಕಲಿಯಲು ಕೊನೆಗೂ ಯಾವ ಪುಸ್ತಕ ಹಿಡಿದೆ ಅಂದರೆ

ಮೂರು ವಾರದ ಹಿಂದೆ ಕೇಳಿದ್ದೆ: ಪುಣೆಯಲ್ಲಿ ಕೆಲಸ, ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲ, ಮನೆಯಲ್ಲೇ ಕಲಿಯಲು ‘ಗೆಂಕಿ’ ಒಳ್ಳೆಯದೋ ‘ಮಿನ್ನಾ ನೋ ನಿಹೋಂಗೋ’ ಒಳ್ಳೆಯದೋ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ತಂದಿದ್ದು ಮಿನ್ನಾ. ಇಲ್ಲಿನ ಪುಸ್ತಕ ಪೇಟೆ ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪ್ರತಿ ಅಗ್ಗಕ್ಕೆ ಸಿಕ್ಕಿತು, ಅಷ್ಟೇ ಕಾರಣ! ತೆರೆದರೆ ಪಾಠವೆಲ್ಲ ಜಪಾನೀಸ್‌ನಲ್ಲೇ. ವ್ಯಾಕರಣದ ವಿವರಣೆಗೆ ಬೇರೆಯೇ ಪುಸ್ತಕ ಕೊಳ್ಳಬೇಕು. ಮೇಷ್ಟ್ರು ಇದ್ದರೆ ಸರಿ, ಒಬ್ಬನೇ ಕೂತರೆ ಕಷ್ಟ.

‘ಗೆಂಕಿ ತಗೊಳ್ಳಿ, ಆದರೆ ಮೊದಲು ಹಿರಗಾನ ಮುಗಿಸಿ’ ಎಂದವರ ಮಾತೇ ಕೆಲಸ ಮಾಡಿತು. ಹಿರಗಾನ ಅಂದರೆ ಜಪಾನೀಸ್‌ನಲ್ಲಿ ಮೊದಲು ಕಲಿಯುವ ಲಿಪಿ. 46 ಅಕ್ಷರ, ದಿನಕ್ಕೆ ಐದರಂತೆ ಚೌಕಳಿ ಗೆರೆಯ ನೋಟ್‌ಬುಕ್ಕಿನಲ್ಲಿ ತಿದ್ದಿದೆ. ಹತ್ತು ದಿನ ಹಿಡಿಯಿತು. ಆಂಕಿಯಲ್ಲಿ (ಕಾರ್ಡು ತೋರಿಸಿ ಪದ ನೆನಪಿಸುವ ಆ್ಯಪ್) ದೊಡ್ಡ ಪದಪಟ್ಟಿ ಹಾಕಿಕೊಳ್ಳಿ ಎಂಬ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ನಾಲ್ಕು ದಿನ ತಪ್ಪಿಸಿದೆ, ಕಾರ್ಡುಗಳು ರಾಶಿ ಬಿದ್ದವು. ಈಗ ಪಾಠದಲ್ಲಿ ಬಂದ ಪದಗಳನ್ನಷ್ಟೇ ಹಾಕುತ್ತೇನೆ.

ಯಾರೂ ಹೇಳದ ಒಂದು ವಿಷಯ: ಜಪಾನೀಸ್ ಅಕ್ಷರಮಾಲೆ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮದೇ ಜಾಡು ಅಲ್ವಾ? ಬೌದ್ಧರ ಸಂಸ್ಕೃತ ಓದಿನಿಂದ ಬಂದ ಕ್ರಮವಂತೆ. ವಾಕ್ಯವೂ ಹಾಗೇ, ಕ್ರಿಯಾಪದ ಕೊನೆಗೆ. ‘ಇಕಿಮಾಸು’ ಅಂದರೆ ಹೋಗುತ್ತೀರಿ, ‘ಇಕಿಮಾಸು ಕಾ’ ಅಂದರೆ ಹೋಗುತ್ತೀರಾ. ಗೆಂಕಿಯ ಇಂಗ್ಲಿಷ್ ವಿವರಣೆ ಓದಿ ತಲೆಕೆಟ್ಟಾಗ ಕನ್ನಡದಲ್ಲಿ ಯೋಚಿಸಿ, ತಟ್ಟನೆ ಹೊಳೆಯುತ್ತದೆ.

ಮಿನ್ನಾ ಸುಮ್ನೆ ಧೂಳು ಹಿಡಿಯುತ್ತಿದೆ. ಕೊತ್ರೂಡ್ ಕಡೆಯವರು ಯಾರಾದರೂ ಬೇಕಿದ್ದರೆ ಹೇಳಿ.